ಕಾಟಾದ ಕೆಂಪು ಗೆರೆ

ಡಿಸೆಂಬರ್ 1, 2015, ಮಂಗಳವಾರ

ನನ್ನ ಬಾಯಿಗೆ ಬೀಗ ಹಾಕುವವರು ಯಾರಾದರೂ ಸಿಕ್ಕರೆ ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡಿಸುತ್ತೇನೆ.

ಇವತ್ತು ಮೀಟಿಂಗಿನಲ್ಲಿ ಜನರಲ್ ಮ್ಯಾನೇಜರ್ ಭರತ ಸಾಹೇಬರು ಮೇಜು ಗುದ್ದಿದರು. ಕಬ್ಬು ಹೇರಿಕೊಂಡು ಬಂದ ಟ್ರ್ಯಾಕ್ಟರುಗಳ ಸಾಲು ನಮ್ಮ ಕಾರ್ಖಾನೆಯ ಗೇಟು ದಾಟಿ ಮಂಗಸೂಳಿ ರಸ್ತೆಗೆ ಇಳಿದಿದೆ. ಗಾಡಿಗಳನ್ನು ತೂಗುವ ಕಾಟಾದ ಕಂಪ್ಯೂಟರು ದಿನಾ ಸಂಜೆ ಮೂಗನಂತೆ ನಿಂತುಬಿಡುತ್ತದೆ. "ಯಾಕ ನಿಂದ್ರತೈತಿ? ಒಬ್ಬರರ ಹೇಳ್ರಿ" ಎಂದರು. ಎಲ್ಲರೂ ಚಹಾದ ಕಪ್ಪಿನ ತಳ ನೋಡುತ್ತ ಕೂತರು. ಅವರೆಲ್ಲ ಅನುಭವಸ್ಥರು.

"ನಾ ಹೇಳ್ತೀನ್ರಿ ಸರ್" ಎಂದೆ ನಾನು. "ಆ ಕಂಪ್ಯೂಟರಿನ ಟ್ರೇಸ್ ತಗದು, ಅದು ಯಾವಾಗ ಎಲ್ಲಿ ನಿಂತೈತಿ ಅನ್ನೂದನ್ನ ಚಿತ್ರಾನ ಮಾಡಿ ಕೊಡ್ತೀನಿ."

"ಚಿತ್ರ?"

"ಬಣ್ಣದ್ದರಿ."

ಟ್ರೇಸ್ ಬಗ್ಗೆ ನನಗೆ ಗೊತ್ತಿರುವುದು ಇಷ್ಟು: ಕಂಪ್ಯೂಟರು ಯಾವ ಗಳಿಗೆಯಲ್ಲಿ ಏನು ಮಾಡಿತೆಂದು ತಾನೇ ಸಾಲುಸಾಲಾಗಿ ಬರೆದಿಡುವುದು. ಅದನ್ನು ಓದಿ ಚಿತ್ರವಾಗಿ ತೋರಿಸುವ ಓಪನ್ ಸೋರ್ಸ್ ಫ್ರೇಮ್‌ವರ್ಕ್ ಒಂದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಹೊರದೇಶದಲ್ಲಿ ಫೋನು, ಕಾರು ಮಾಡುವ ಎಂಜಿನಿಯರುಗಳು ಅದನ್ನು ಬಳಸುತ್ತಾರಂತೆ. ನಮ್ಮ ಟ್ರೇಸನ್ನು ಹೇಗೆ ಓದಬೇಕು, ಯಾವುದಕ್ಕೆ ಯಾವ ಬಣ್ಣ ಹಚ್ಚಬೇಕು ಎನ್ನುವುದನ್ನು ಮಾತ್ರ ನಾವೇ ಬರೆದು ಜೋಡಿಸಬೇಕು. ಅದರ ಬಗ್ಗೆ ನಾನು ಒಂದೂವರೆ ಪುಟ ಓದಿದ್ದೆ. ಅರ್ಧ ಪುಟ ಓದಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆನೋ ಏನೋ.

ಡಿಸೆಂಬರ್ 5, ಶನಿವಾರ

ಫ್ರೇಮ್‌ವರ್ಕ್ ಡೌನ್‌ಲೋಡ್ ಆಗಲು ಗುರುವಾರ ಶುರುವಾದದ್ದು ಇವತ್ತು ಮುಗಿಯಿತು. ಉಗಾರ ಖುರ್ದದ ನಮ್ಮ ಮನೆಯಲ್ಲಿ ಡಾಂಗಲ್ ಸಿಗ್ನಲ್ ಹಿಡಿಯುವುದು ಮಾಳಿಗೆಯ ನೀರಿನ ಟಾಕಿಯ ಹತ್ತಿರ ಮಾತ್ರ. ಅಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಅವ್ವ ಹಪ್ಪಳ ಒಣಹಾಕಲು ಬಂದು, ಕಾಗೆ ಕಾಯಲು ನನ್ನನ್ನೇ ನೇಮಿಸಿದಳು.

"ಬರೂ ಐತ್ವಾರ ನಿಪ್ಪಾಣಿಗೆ ಹುಡುಗಿ ನೋಡಾಕ ಹೋಗೂದೈತಿ, ನೆನಪೈತಿಲ್ಲ?" ಎಂದಳು.

"ಭಾಳ ಕೆಲಸ ಐತಿ ಯವ್ವಾ. ಹಂಗಾಮ ಮುಗೀಲಿ."

"ಕಬ್ಬ ಅರೀತಿಯೇನ್ ನೀ?"

ಸಿಸ್ಟಮ್ಸ್ ಅಸಿಸ್ಟಂಟ್ ಏನು ಮಾಡುತ್ತಾನೆಂದು ಅವ್ವನಿಗೆ ಇವತ್ತಿಗೂ ಗೊತ್ತಿಲ್ಲ. ನನಗೂ ಪೂರ್ತಿ ಗೊತ್ತಿಲ್ಲ.

ಡಿಸೆಂಬರ್ 10, ಗುರುವಾರ

ಕಾಟಾದ ಕ್ಯಾಬಿನ್ನಿಗೆ ಹೋಗಿ ಕಂಪ್ಯೂಟರಿಗೆ ಟ್ರೇಸ್ ಹಾಕಿ ಬಂದೆ. ಸದ್ಯಕ್ಕೆ ಚುಟುಕು ಟ್ರೇಸ್: ಗಾಡಿ ಕಾಟಾ ಏರಿದ್ದು, ತೂಕ ಆದದ್ದು, ಚೀಟಿ ಬಂದದ್ದು, ಇಷ್ಟೇ. ಇದು ಹಗಲೂ ರಾತ್ರಿ ತಾನೇ ನಡೆಯುತ್ತದೆ.

ಮಧ್ಯಾಹ್ನದ ಪಾಳಿಯಲ್ಲಿ ಹೊಸ ಕ್ಲಾರ್ಕ್ ಇದ್ದಾರೆ. ಕಾಂಚನ ಎಂದು ಹೆಸರು. ಗೇಟಿನ ವಾಚ್‌ಮನ್ ಜ್ಞಾನದೇವ ಕಾಕಾನ ಮಗಳು. ಕಾಟಾದಲ್ಲಿ ಕೂತ ಮೊದಲ ಹೆಣ್ಣುಮಗಳು. ಜನವರಿ ಕೊನೆಗೆ ಇವರನ್ನು ಖಾಯಂ ಮಾಡಬೇಕೋ ಬೇಡವೋ ಎಂದು ಭರತ ಸಾಹೇಬರು ತೀರ್ಮಾನಿಸುತ್ತಾರೆ. ಕಾಕಾ ಈ ಹಂಗಾಮಿಗೆ ನಿವೃತ್ತಿ. ಮಗಳು ಖಾಯಂ ಆಗದಿದ್ದರೆ ಕಾರ್ಖಾನೆಯ ಕ್ವಾರ್ಟರ್ಸ್ ಬಿಡಬೇಕು. ಇದನ್ನೆಲ್ಲ ಅವರು ಹೇಳಲಿಲ್ಲ, ಕಾಕಾ ಗೇಟಿನಲ್ಲಿ ಹೇಳಿದ.

ಅವರು ಹೇಳಿದ್ದು ಒಂದೇ ಮಾತು. ನಾನು ಮೇಜಿನ ಕೆಳಗೆ ವೈರಿನ ನಡುವೆ ತಲೆ ಹಾಕಿ ಬಹಳ ಹೊತ್ತು ಮಲಗಿದ್ದಕ್ಕೆ, "ರಿಪೇರಿ ಮಾಡಾಕತ್ತೀರೋ, ನಿದ್ದಿ ಮಾಡಾಕತ್ತೀರೋ?" ಎಂದರು. ಕುಡಿಯಲು ಚಹಾ ಕೊಟ್ಟರು. ಪಾತ್ರೆ ತೊಳೆದ ನೀರಿನಂಥ ಚಹಾ.

ಡಿಸೆಂಬರ್ 16, ಬುಧವಾರ

ಮೊದಲ ಚಿತ್ರ ಬಂತು! ಹಸಿರೆಂದರೆ ತೂಕ ನಡೆದಿದೆ, ಹಳದಿಯೆಂದರೆ ಚೀಟಿ ಮುದ್ರಣ, ಕೆಂಪೆಂದರೆ ಕಾಟಾ ಸುಮ್ಮನೆ ನಿಂತಿದೆ. ನೋಡಿ ಕಣ್ಣು ತುಂಬಿ ಬಂತು. ಆಮೇಲೆ ಕೆಳಗಿನ ತಾರೀಕು ನೋಡಿದೆ. ನನ್ನ ಚಿತ್ರದ ಪ್ರಕಾರ ನಮ್ಮ ಕಾರ್ಖಾನೆ 1970ರ ಜನವರಿಯಲ್ಲಿ ಕಬ್ಬು ತೂಗುತ್ತಿದೆ. ಕಾರ್ಖಾನೆ ಹುಟ್ಟಿದ್ದೇ ಮೊನ್ನೆ ಮೊನ್ನೆ. ನಾನಂತೂ ಆಗ ಹುಟ್ಟಿರಲಿಲ್ಲ, ಅವ್ವ ಲಂಗ ಹಾಕಿಕೊಂಡು ಓಡಾಡುತ್ತಿದ್ದಿರಬೇಕು.

ಕಂಪ್ಯೂಟರು ಕಾಲ ಎಣಿಸಲು ಶುರು ಮಾಡುವುದೇ 1970ರಿಂದ; ಹೊತ್ತನ್ನು ಓದುವ ಕಡೆ ನಾನು ತಪ್ಪು ಬರೆದಿದ್ದೆ. ಸಂಜೆ ಸರಿಮಾಡಿದೆ.

ಕಾಂಚನ ಅವರಿಗೆ ಈ 1970ರ ಕಥೆ ಹೇಳಿದೆ. ನಕ್ಕರು. ನಗುವಾಗ ಮೊದಲು ಬಾಯಿ ಬಿಗಿಹಿಡಿದು, ಆಮೇಲೆ ಆಗದೆ ಬಿಡುತ್ತಾರೆ. ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ.

ಡಿಸೆಂಬರ್ 24, ಗುರುವಾರ

ಭೇಷ್! ಶಾಬಾಸ್! ಸಾಹೇಬರು ನನ್ನ ಬೆನ್ನು ತಟ್ಟಿದರು!

ಚಿತ್ರ ಓದಲು ಸುಲಭವಾಗಲೆಂದು ಪ್ರತಿ ಪಾಳಿಯ ಸಾಲಿನ ಮುಂದೆ ಕ್ಲಾರ್ಕಿನ ಹೆಸರು ಹಾಕಿದ್ದೆ. ಈ ಬುದ್ಧಿ ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಮುಂಜಾನೆಯ ಬಾಳಾಸಾಬನ ಸಾಲು ಹಸಿರೋ ಹಸಿರು. ಮಧ್ಯಾಹ್ನದ ಸಾಲಿನಲ್ಲಿ ಸಂಜೆಯ ಕಡೆ ದಪ್ಪನೆಯ ಕೆಂಪು ತುಂಡು.

"ಈ ಕೆಂಪ ಯಾರದು?" ಎಂದರು ಸಾಹೇಬರು.

"ಕಾಂಚನ ಅವರದ್ರಿ ಸರ್. ಕಾಯೂದಕ್ಕ ಕೇಸರಿ ಹಾಕಬೇಕಂತ ಮಾಡಿದ್ದೆ, ಆದ್ರ ಕೆಂಪ ಲಗೂನ ಕಣ್ಣಿಗೆ ಹೊಡೀತೈತಿ."

"ಹೂಂ. ಹೊಸಾಕಿ. ಕೈ ಇನ್ನೂ ತಿರುಗಿಲ್ಲ" ಎಂದು ಏನೋ ಬರೆದುಕೊಂಡರು.

ಬಂದು ಅವ್ವನಿಗೆ ಹೇಳಿದೆ. ಅವ್ವ ಸಕ್ಕರೆ ಹಾಕಿ ಶಿರಾ ಮಾಡಿದಳು.

ಡಿಸೆಂಬರ್ 26, ಶನಿವಾರ

ನಾನೊಬ್ಬ ಕತ್ತೆ. ಹೀಗೆ ಬರೆದರೆ ಕತ್ತೆಗೂ ಅವಮಾನ.

ಕಾಂಚನ ಅವರಿಗೆ ಮೆಮೊ ಕೊಟ್ಟಿದ್ದಾರೆ. ಕೆಲಸದಲ್ಲಿ ನಿಧಾನ, ಸುಧಾರಿಸದಿದ್ದರೆ ಖಾಯಂ ಇಲ್ಲ ಎಂದು. ಕ್ಯಾಬಿನ್ನಿಗೆ ಹೋದಾಗ ಅವರು ನನ್ನನ್ನು ನೋಡಲಿಲ್ಲ. ಹೊರಗೆ ನಿಂತ ಟ್ರ್ಯಾಕ್ಟರಿನ ತೂಕ ಮುಗಿಸಿ, ಚೀಟಿ ಹರಿದು ಕೊಟ್ಟು, ಆಮೇಲೆ ತಿರುಗಿದರು.

"ನಿಂತದ್ದ ಕಂಪ್ಯೂಟರ್. ಹೆಸರ ಯಾಕ ನಂದ ಬರದೀರಿ?"

ಓದಲು ಸುಲಭವಾಗಲಿ ಎಂದು, ಎಂದೆ.

"ಓದಾಕ ಭಾಳ ಸುಲಭ ಆಗೇತ್ರಿ. ಎಲ್ಲಾರೂ ಓದ್ಯಾರ. ಅಪ್ಪನೂ ಓದ್ಯಾನ."

ಚಹಾ ಕೊಡಲಿಲ್ಲ.

ಡಿಸೆಂಬರ್ 27, ಭಾನುವಾರ

ಊಟ ಸೇರಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಅವ್ವನಿಗೆ ಹೇಳಿದೆ. ಅವಳು ಓಮಿನ ಕಾಳು ತಿನ್ನಿಸಿದಳು. ಅದರಿಂದ ಏನೂ ಆಗಲಿಲ್ಲ.

ಜನವರಿ 6, 2016, ಬುಧವಾರ

ನಿಂತದ್ದು ಕಂಪ್ಯೂಟರು, ಕಾಂಚನ ಅಲ್ಲ. ಇದನ್ನು ಸಾಬೀತು ಮಾಡಲೇಬೇಕು. ಅದಕ್ಕೆ ಉದ್ದ ಟ್ರೇಸ್ ಬೇಕು. ಕಂಪ್ಯೂಟರು ಒಳಗೊಳಗೆ ಮಾಡುವ ಸಣ್ಣಪುಟ್ಟ ಕೆಲಸವನ್ನೂ, ಒಂದೊಂದು ಉಸಿರನ್ನೂ ಅನ್ನಬಹುದು, ಬಿಡದೆ ಬರೆಸುವುದು. ಇದನ್ನು ಕೈಯಾರೆ ಶುರು ಮಾಡಿ, ಹತ್ತಿರ ಕೂತು, ಕೈಯಾರೆ ನಿಲ್ಲಿಸಬೇಕು. ಹೊಸ ವರ್ಷದ ಮರುದಿನದಿಂದ ದಿನಾ ಕ್ಯಾಬಿನ್ನಿನಲ್ಲಿ ಒಂದು ಸ್ಟೂಲು ಹಾಕಿಕೊಂಡು ಇದನ್ನೇ ಮಾಡುತ್ತಿದ್ದೇನೆ.

ಮಧ್ಯಾಹ್ನದ ಪಾಳಿಯಲ್ಲಿ ಮಾತ್ರ ಮಾಡುತ್ತಿದ್ದೇನೆ. ಆಗ ಗಾಡಿಗಳು ಹೆಚ್ಚು. (ಬಾಳಾಸಾಬ ಮುಂಜಾನೆ ಗಾಡಿಗಳು ಹೆಚ್ಚು ಅಂತಾನೆ. ಅವನಿಗೇನು ಗೊತ್ತು.) ಅಲ್ಲದೆ ಆ ಕ್ಯಾಬಿನ್ನಿಗೆ ಮಧ್ಯಾಹ್ನ ಗಾಳಿ ಚೆನ್ನಾಗಿ ಬರುತ್ತದೆ. ಅಲ್ಲಿನ ಚಹಾ ಕೂಡ ಪರವಾಗಿಲ್ಲ. ಮೊದಲು ಪಾತ್ರೆ ತೊಳೆದ ನೀರು ಅಂದಿದ್ದೆ, ಅದು ಅನ್ಯಾಯ.

ಕಾಂಚನ ಇನ್ನೂ ಬಿಗುವಾಗಿಯೇ ಇದ್ದಾರೆ. ಆದರೆ ಇವತ್ತು ತಾವೇ ಸ್ಟೂಲನ್ನು ಬಿಸಿಲಿನಿಂದ ಈಚೆಗೆ ಎಳೆದಿಟ್ಟಿದ್ದರು.

ಬೋರಗಾಂವದ ಟ್ರ್ಯಾಕ್ಟರ್ ಡ್ರೈವರ್ ತುಕಾರಾಮ ಕಿಟಕಿಯಲ್ಲಿ ಮುಖ ಹಾಕಿ, "ಕಾಯ್ ಸಾಹೇಬ, ನಿಮ್ಮನ್ನೂ ದಿನಾ ತೂಗಾಕತ್ತಾರೇನ್ರಿ ಇಲ್ಲಿ?" ಎಂದ. ಟ್ರೇಸ್ ಅಂದರೆ ಏನೆಂದು ಅವನಿಗೆ ವಿವರವಾಗಿ ತಿಳಿಸಿ ಹೇಳಿದೆ. ಅವನು ಪೂರ್ತಿ ಕೇಳಿ, "ಹೌದಹೌದು" ಎಂದು ಕಣ್ಣು ಮಿಟುಕಿಸಿ ಹೋದ. ಡ್ರೈವರುಗಳಿಗೂ ತಾಂತ್ರಿಕ ವಿಷಯದಲ್ಲಿ ಆಸಕ್ತಿ ಇದೆ, ಸಂತೋಷ.

ಜನವರಿ 12, ಮಂಗಳವಾರ

ಸಿಕ್ಕಿತು! ಸಂಜೆಯ ಕೆಂಪಿನ ಮೂಲ ಸಿಕ್ಕಿತು!

ಚುಟುಕು ಟ್ರೇಸಿನಲ್ಲಿದ್ದ ದಿನಗಳನ್ನೆಲ್ಲ ಒಂದರ ಕೆಳಗೊಂದು ಜೋಡಿಸಿ ತೋರಿಸುವ ಹೊಸ ನೋಟವೊಂದನ್ನು ಬರೆದೆ. ಡಿಸೆಂಬರದ ಸಾಲುಗಳು ಮೇಲೆ, ಜನವರಿಯವು ಕೆಳಗೆ. ಸಂಜೆಯ ಆ ಕೆಂಪು ತುಂಡು ದಿನದಿಂದ ದಿನಕ್ಕೆ ಒಂಚೂರು ಒಂಚೂರೇ ಬಲಕ್ಕೆ ಸರಿದಿತ್ತು. ಮೇಲಿನಿಂದ ಕೆಳಕ್ಕೆ ಓರೆಯಾಗಿ, ಯಾರೋ ಸ್ಕೇಲು ಹಿಡಿದು ಗೆರೆ ಎಳೆದ ಹಾಗೆ. ಯಂತ್ರ ಕೆಟ್ಟರೆ ಹೀಗೆ ಶಿಸ್ತಾಗಿ ಕೆಡುವುದಿಲ್ಲ. ಬಹಳ ಹೊತ್ತು ಅದನ್ನೇ ನೋಡುತ್ತ ಕೂತೆ. ಕಿಟಕಿಯಾಚೆ ಸೂರ್ಯ ಚಿಮಣಿಯ ಹಿಂದೆ ಇಳಿಯುತ್ತಿದ್ದ. ಈ ದಿನಗಳಲ್ಲಿ ಹೀಗೆ ದಿನಾ ಸ್ವಲ್ಪ ಸ್ವಲ್ಪ ತಡಮಾಡುವವನು ಅವನೊಬ್ಬನೇ ಅಲ್ಲವೇ?

ಅವನನ್ನು ನೋಡಿಕೊಂಡು ಕುರ್ಚಿಯಿಂದ ಏಳುವವರು ನಮ್ಮ ಕಾರ್ಖಾನೆಯಲ್ಲಿ ಒಬ್ಬರೇ. ಕಬ್ಬಿನ ಆಫೀಸಿನ ಜಿನ್ನಪ್ಪ ಮಗದುಮ್ ಕಾಕಾ. ಜೈನರು, ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಮುಟ್ಟುವುದಿಲ್ಲ. ಸೂರ್ಯ ಚಿಮಣಿಗೆ ಬಂದ ಕೂಡಲೇ ಸೈಕಲ್ ಹತ್ತಿ ಮನೆಗೆ ಹೋಗಿ, ಉಂಡು, ಮತ್ತೆ ಬರುತ್ತಾರೆ. ಹೋಗುವಾಗ ತಮ್ಮ ಕಂಪ್ಯೂಟರ್ ಬಂದ್ ಮಾಡಿ, ಬೂದಿ ಕೂರದಂತೆ ಟವೆಲ್ ಹೊದಿಸಿ ಹೋಗುತ್ತಾರೆ. ಕಾಟಾದ ಕಂಪ್ಯೂಟರು ಪ್ರತಿ ಚೀಟಿಯನ್ನೂ ಅವರ ಕಂಪ್ಯೂಟರಿಗೆ ಕಳಿಸಿ, ಮುಟ್ಟಿತು ಎಂಬ ಉತ್ತರಕ್ಕೆ ಕಾಯುತ್ತದೆ. ಟವೆಲ್ ಹೊದ್ದು ಮಲಗಿದ್ದು ಏನು ಉತ್ತರ ಕೊಟ್ಟೀತು?

ಓಡಿಹೋಗಿ ಹೇಳಿದೆ. ಕಾಕಾ ಕೆನ್ನೆ ಕೆನ್ನೆ ಬಡಿದುಕೊಂಡರು.

"ಅಯ್ಯ ತಮ್ಮಾ, ಮುಂಜಾನಿಂದ ದಣದಿರ್ತೈತಿ, ನಾ ಉಣ್ಣೂ ಹೊತ್ತಿನ್ಯಾಗ ಅದೂ ಒಂದಿಷ್ಟ ಸುಧಾರಿಸ್ಕೊಳ್ಳಲಿ ಅಂತ ಬಂದ್ ಮಾಡ್ತಿದ್ದೆ."

ಇನ್ನು ಮೇಲೆ ಬಂದ್ ಮಾಡುವುದಿಲ್ಲ ಎಂದರು. ಟವೆಲ್ ಮಾತ್ರ ಹೊದಿಸುತ್ತಾರಂತೆ. ಸಾಹೇಬರಿಗೂ ಹೇಳಿದೆ, ತಲೆ ಆಡಿಸಿದರು.

ಕಾಂಚನಳಿಗೆ ಹೇಳಿದಾಗ ಅವಳು ಪರದೆಯ ಮೇಲಿನ ಆ ಓರೆ ಗೆರೆಯನ್ನು ಬೆರಳಿನಿಂದ ಮೇಲಿಂದ ಕೆಳಗೆ ಮುಟ್ಟಿ ನೋಡಿದಳು. "ಚಂದ ಐತ್ರಿ" ಎಂದಳು. ನನ್ನ ಚಿತ್ರವನ್ನು ಚಂದ ಎಂದವರಲ್ಲಿ ಅವಳೇ ಮೊದಲು. ಸಾಹೇಬರು ಬೆನ್ನು ತಟ್ಟಿದ್ದರು, ಆದರೆ ಚಂದ ಅಂದಿರಲಿಲ್ಲ.

ಜನವರಿ 15, ಶುಕ್ರವಾರ

ಸಂಕ್ರಾಂತಿ. ಕಾಂಚನ ಎಲ್ಲರಿಗೂ ಕುಸುರೆಳ್ಳು ಕೊಟ್ಟಳು. ಡ್ರೈವರುಗಳಿಗೆ, ಬಾಳಾಸಾಬನಿಗೆ, ನನಗೆ. ನನಗೆ ಕೊಡುವಾಗ, "ಇನ್ನ ಮ್ಯಾಲ ಛಲೋ ಮಾತಾಡ್ರಿ. ಬರೂದೂ ಛಲೋದ ಬರೀರಿ" ಎಂದಳು.

ಎರಡು ಕಾಳನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಬಂದೆ. ಅವ್ವ ಅಂಗಿ ಒಗೆಯಲು ತೆಗೆದಾಗ ಜೇಬಿನ ತುಂಬ ಇರುವೆ.

"ಯಾರು ಕೊಟ್ರೋ?"

"ಕಾಟಾದಾಗ ಕೊಟ್ರು."

"ಕಾಟಾಕ್ಕ ಹೆಸರಿಲ್ಲೇನು?" ಎಂದು ಅವ್ವ ಅಂಗಿ ಕೊಡವಿದಳು. ನಿಪ್ಪಾಣಿಯ ಮಾತು ಎತ್ತಲಿಲ್ಲ. ಮರೆತಳೋ ಏನೋ.

ಜನವರಿ 20, ಬುಧವಾರ

ಎಲ್ಲ ತಲೆಕೆಳಗಾಯಿತು.

ಸಂಜೆಯ ದೊಡ್ಡ ಕೆಂಪು ತುಂಡು ಹೋಗಿದೆ. ಆದರೆ ಮಧ್ಯಾಹ್ನದ ಪಾಳಿಯ ತುಂಬ ಸಣ್ಣ ಸಣ್ಣ ಕೆಂಪು ಗೆರೆಗಳು, ಗೋಡೆಗೆ ಎಲೆಯಡಿಕೆ ಉಗುಳಿದ ಹಾಗೆ. ಡಿಸೆಂಬರದಲ್ಲಿ ಇವು ಇರಲಿಲ್ಲ; ಜನವರಿಯಲ್ಲಿ ದೊಡ್ಡ ತುಂಡನ್ನೇ ನೋಡುತ್ತ ಇವನ್ನು ಗಮನಿಸಿರಲಿಲ್ಲ. ಪ್ರತಿ ಗಾಡಿಗೂ ಕಾಟಾ ಒಂದಿಷ್ಟು ತಡವರಿಸಿ ಮುಂದೆ ಹೋಗುತ್ತಿದೆ. ಸಾಲು ಮತ್ತೆ ರಸ್ತೆಗೆ ಬಂದಿದೆ. ಮುಂಜಾನೆ ಬಾಳಾಸಾಬನದು ಹಸಿರು, ರಾತ್ರಿಯದೂ ಹಸಿರು. ಇವಳದೊಂದೇ ಕೆಂಪು.

ಸಾಹೇಬರು ನನ್ನನ್ನು ಕರೆಸಿದರು. "ಈಗರ ಮಗದುಮ್ ಅವರ ನೆವ ಇಲ್ಲಲ್ಲ? ಕಂಪ್ಯೂಟರ್ ಅದ, ಕಾಟಾ ಅದ. ಬದಲಾದದ್ದ ಕುಂತಾಕಿ ಒಬ್ಬಾಕಿ. ಮೂವತ್ತನೇ ತಾರೀಖ ಮೀಟಿಂಗ್. ಅಕೀನೂ ಬರಲಿ, ನೀನೂ ನಿನ್ನ ಚಿತ್ರ ತಗೊಂಡ ಬಾ. ಅಲ್ಲೇ ತೀರ್ಮಾನ."

ಕ್ಯಾಬಿನ್ನಿಗೆ ಹೋಗಿ ಅವಳ ಕೈಯನ್ನೇ ನೋಡುತ್ತ ಕೂತೆ. ಕೈ ಸರಸರ ಓಡುತ್ತದೆ. ಪರದೆಯೇ ಹಿಂದೆ ಬೀಳುತ್ತದೆ.

"ನಾ ಒತ್ತಿದ ಮ್ಯಾಲ ಅದು ವಿಚಾರ ಮಾಡಿ ಉತ್ತರ ಕೊಡಾಕತ್ತೈತ್ರಿ" ಎಂದಳು. "ನಮ್ಮ ಅಪ್ಪ ಟ್ರಂಕಿನ್ಯಾಗ ಸಾಮಾನ ತುಂಬಾಕ ಸುರು ಮಾಡ್ಯಾನ. ಬ್ಯಾಡ ಅಂದ್ರೂ ಕೇಳೂದಿಲ್ಲ."

ನಾಳೆಯಿಂದ ಉದ್ದ ಟ್ರೇಸನ್ನು ಇನ್ನೂ ಉದ್ದ ಮಾಡುತ್ತೇನೆ ಅಂದೆ. ಒಂದನ್ನೂ ಬಿಡದೆ ಬರೆಸುತ್ತೇನೆ. ಎಲ್ಲಿ ಅಡಗಿದ್ದರೂ ಹಿಡಿಯುತ್ತೇನೆ.

ಜನವರಿ 22, ಶುಕ್ರವಾರ

ಇನ್ನೂ ಹೆಚ್ಚಾಗಿದೆ ಕೆಂಪು. ಎರಡು ದಿನದಿಂದ ಸರಿಯಾಗಿ ತಿಂದಿಲ್ಲ.

ಜನವರಿ 25, ಸೋಮವಾರ

ನಿನ್ನೆ ಬೋರಗಾಂವದಲ್ಲಿ ಚಿಕ್ಕಮ್ಮನ ಮಗನ ಮದುವೆ. ಅವ್ವ ಕಿವಿ ಹಿಡಿದು ಎಳೆದುಕೊಂಡು ಹೋದಳು. ಅಕ್ಷತೆ ಹಾಕುವಾಗಲೂ ಕಾಟಾದ್ದೇ ಯೋಚನೆ, ವರನ ತಲೆ ತಪ್ಪಿ ಪುರೋಹಿತರ ಮೇಲೆ ಹಾಕಿದೆ.

ಇವತ್ತು ಮಧ್ಯಾಹ್ನ ಕ್ಯಾಬಿನ್ನಿಗೆ ಹೋಗಿ ಉದ್ದ ಟ್ರೇಸ್ ಶುರು ಮಾಡಿ ಸ್ಟೂಲಿನ ಮೇಲೆ ಕೂತೆ.

"ನಿನ್ನೆ ಭಾಳ ಛಲೋ ನಡೀತ್ರಿ" ಎಂದಳು ಕಾಂಚನ. "ಒಂದ ಗಾಡೀನೂ ನಿಂದ್ರಲಿಲ್ಲ. ನೀವು ಇದ್ದಿಲ್ಲ ನೋಡ್ರಿ."

ಮನಸ್ಸಿಗೆ ನೋವಾಯಿತು. ಇಷ್ಟು ದಿನ ಯಾರಿಗೋಸ್ಕರ ಕೂತಿದ್ದೆ ಇಲ್ಲಿ? ಎದ್ದು ಹೊರಗೆ ಬಂದು ಹುಣಸೆ ಮರದ ಕೆಳಗೆ ನಿಂತೆ. ಅಲ್ಲಿ ನಿಂತಾಗ ಹೊಳೆಯಿತು. ಅವಳು ಚುಚ್ಚಲಿಲ್ಲ. ಇದ್ದದ್ದನ್ನು ಹೇಳಿದಳು.

ಆಫೀಸಿಗೆ ಓಡಿ ಬಂದು ಚಿತ್ರಕ್ಕೆ ಹೊಸದೊಂದು ಸಾಲು ಸೇರಿಸಿದೆ: ಉದ್ದ ಟ್ರೇಸ್ ಯಾವಾಗ ಶುರುವಾಯಿತು, ಯಾವಾಗ ನಿಂತಿತು. ಅದಕ್ಕೆ ನೀಲಿ ಬಣ್ಣ. ನೀಲಿ ಇದ್ದಲ್ಲೆಲ್ಲ ಕೆಳಗೆ ಕೆಂಪು. ನೀಲಿ ಇಲ್ಲದಲ್ಲಿ ಹಸಿರು. ನಾನು ಚಹಾಕ್ಕೆಂದು ನಿಲ್ಲಿಸಿದ ಹೊತ್ತಿನಲ್ಲೂ ಹಸಿರು. ನಿನ್ನೆ ಇಡೀ ದಿನ ಹಸಿರು.

ಆ ಮುದಿ ಕಂಪ್ಯೂಟರಿಗೆ ಕಬ್ಬು ತೂಗು ಅಂತಲೂ ಹೇಳಿ, ತೂಗುವಾಗ ಬಿಟ್ಟ ಉಸಿರೆಲ್ಲ ಬರೆದಿಡು ಅಂತಲೂ ಹೇಳಿದರೆ ಅದು ಬರೆಯುವುದೋ ತೂಗುವುದೋ? ಯಾಕೆ ತಡವಾಗುತ್ತಿದೆ ಎಂದು ಹುಡುಕುತ್ತಿದ್ದ ನಾನೇ ತಡ ಮಾಡುತ್ತಿದ್ದೆ.

ಕ್ಯಾಬಿನ್ನಿಗೆ ಓಡಿ ಟ್ರೇಸ್ ನಿಲ್ಲಿಸಿದೆ. ಕಾಂಚನ ಏನಾಯಿತು ಎಂದಳು. ಏನೂ ಇಲ್ಲ ಎಂದೆ. ಹೇಳಲು ಬಾಯಿ ಬರಲಿಲ್ಲ. ಬೇಡದ ಕಡೆ ಬರುವ ಬಾಯಿ ಇದು.

ಜನವರಿ 27, ಬುಧವಾರ

ಸುಮ್ಮನಿದ್ದರೂ ನಡೆಯುತ್ತದೆ. ಟ್ರೇಸ್ ನಿಲ್ಲಿಸಿದ್ದೇನೆ, ಕಾಟಾ ನೆಟ್ಟಗೆ ಓಡುತ್ತಿದೆ, ಯಾರಿಗೂ ಏನೂ ಗೊತ್ತಿಲ್ಲ. ನನ್ನ ಕಾಂಟ್ರ್ಯಾಕ್ಟ್ ಮುಂದುವರಿಸುವವರೂ ಭರತ ಸಾಹೇಬರೇ. ಆದರೆ ಈ ತಿಂಗಳ ಕೆಂಪು ಅವಳ ಹೆಸರಿನ ಮುಂದೆ ಹಾಗೇ ಉಳಿಯುತ್ತದೆ. ಶನಿವಾರ ಅವರು ನೋಡುವುದು ಅದನ್ನೇ. ಕೊನೆಯ ನಾಲ್ಕು ದಿನ ಹಸಿರಾದರೆ, ಮೆಮೊಕ್ಕೆ ಹೆದರಿ ಈಗ ಕೈ ಓಡಿಸುತ್ತಿದ್ದಾಳೆ ಅನ್ನುತ್ತಾರೆ.

ಮಧ್ಯಾಹ್ನ ಅವಳಿಗೆ ಹೇಳಿದೆ. ನಿಂತುಕೊಂಡೇ ಹೇಳಿದೆ. ಸ್ಟೂಲಿನ ಮೇಲೆ ಕೂರುವ ಮುಖ ಇರಲಿಲ್ಲ.

ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಒಂದು ಗಾಡಿ ತೂಗಿದಳು, ಇನ್ನೊಂದು ತೂಗಿದಳು.

"ನಂಗ ಹೇಳಿದ್ರಿ. ಮೀಟಿಂಗಿನ್ಯಾಗ ಹೇಳ್ತೀರೇನು?"

"ಹೇಳ್ತೀನಿ."

"ನೋಡೂಣ್ರಿ" ಎಂದಳು. ನನ್ನನ್ನು ನಂಬಿ ಅಂದಳೋ, ನಂಬದೆ ಅಂದಳೋ ತಿಳಿಯಲಿಲ್ಲ. ಹೆದರಿಕೆ ಇದೆ. ಬರೆದರೆ ಕಡಿಮೆಯಾಗುತ್ತದೆ ಅನ್ನುತ್ತಾರೆ, ಆಗಲಿಲ್ಲ.

ಜನವರಿ 30, ಶನಿವಾರ

ಆಯಿತು. ಮುಗಿಯಿತು. ಎಲ್ಲವನ್ನೂ ಇದ್ದ ಹಾಗೇ ಬರೆಯುತ್ತೇನೆ.

ಮೀಟಿಂಗಿನಲ್ಲಿ ಸಾಹೇಬರು, ಜಿನ್ನಪ್ಪ ಕಾಕಾ, ಬಾಳಾಸಾಬ, ಇನ್ನುಳಿದ ಚಹಾ ಕಪ್ಪಿನವರು. ಕಾಂಚನ ಬಾಗಿಲ ಹತ್ತಿರ ನಿಂತಿದ್ದಳು. ಕೂರು ಎಂದು ಯಾರೂ ಹೇಳಲಿಲ್ಲ. ನಾನು ಗೋಡೆಯ ಮೇಲೆ ಚಿತ್ರ ಬಿಟ್ಟೆ.

ಡಿಸೆಂಬರದಲ್ಲಿ ಕಾಂಚನ ಕೇಳಿದ ಮಾತು ನನ್ನ ತಲೆಯಲ್ಲಿ ಕೂತಿತ್ತು: ಹೆಸರು ನನ್ನದೇ ಯಾಕೆ ಬರೆದಿರಿ. ಅವಳ ಹೆಸರು ಹಾಕಬಹುದಾದರೆ ನನ್ನದನ್ನೂ ಹಾಕುವುದು ನ್ಯಾಯ. ಅದಕ್ಕೇ ಆ ನೀಲಿ ಸಾಲಿನ ಮುಂದೆ ಉದ್ದ ಟ್ರೇಸ್ ಎಂದಿದ್ದುದನ್ನು ಅಳಿಸಿ 'ರೂಪೇಶ' ಎಂದು ಬರೆದಿದ್ದೆ. ಗೋಡೆಯ ಮೇಲೆ ಒಂದರ ಕೆಳಗೊಂದು ಎರಡು ಸಾಲು. ರೂಪೇಶ, ಕಾಂಚನ. ನೀಲಿ ಎಲ್ಲಿ ಶುರುವಾಗುತ್ತದೋ ಅಲ್ಲೇ ಕೆಂಪು ಶುರು. ನೀಲಿ ಎಲ್ಲಿ ಮುಗಿಯುತ್ತದೋ ಅಲ್ಲೇ ಕೆಂಪು ಮುಕ್ತಾಯ. ತಿಂಗಳ ಉದ್ದಕ್ಕೂ.

"ಸರ್, ಈ ತಿಂಗಳ ಸಾಲು ನಿಂದ್ರಾಕ ಕಾರಣ ನಾನರಿ" ಎಂದೆ. "ಹುಡುಕಾಕಂತ ನಾ ಹಾಕಿದ ಟ್ರೇಸಿನ ಭಾರಕ್ಕ ಕಂಪ್ಯೂಟರ್ ತಡಾ ಮಾಡೇತಿ. ಡಿಸೆಂಬರದ್ದು ಜಿನ್ನಪ್ಪ ಕಾಕಾರ ಕಂಪ್ಯೂಟರ್ ಬಂದ್ ಇದ್ದದ್ದಕ್ಕ ಆದದ್ದು. ಎರಡರಾಗೂ ಇವರ ತಪ್ಪ ಒಂದ ಚೂರೂ ಇಲ್ಲ. ಇವರ ಹೆಸರ ಹಾಕಿ ಚಿತ್ರ ತೋರಿಸಿದ್ದ ನನ್ನ ತಪ್ಪು. ಮೆಮೊ ನಂಗ ಕೊಡ್ರಿ."

ಸಾಹೇಬರು ಗೋಡೆಯನ್ನೇ ನೋಡಿದರು. ಮುಖ ಕೆಂಪಗಾಯಿತು, ನನ್ನ ಚಿತ್ರದಷ್ಟೇ.

"ಅಲ್ಲಪಾ, ಪಾಳಿ ಮೂರು ಅದಾವು. ಮುಂಜಾನಿ ಯಾಕ ಹಾಕಲಿಲ್ಲ? ರಾತ್ರಿ ಯಾಕ ಹಾಕಲಿಲ್ಲ? ದಿನಾ ಇದ ಪಾಳಿಗೇ ಯಾಕ ಹಾಕಿದಿ?"

"ಮಧ್ಯಾಹ್ನ ಗಾಡಿ ಹೆಚ್ಚಿರ್ತಾವ್ರಿ ಸರ್."

"ಮುಂಜಾನಿ ಹೆಚ್ಚಿರ್ತಾವು" ಎಂದ ಬಾಳಾಸಾಬ.

"ಆ ಕ್ಯಾಬಿನ್ನಿಗೆ ಮಧ್ಯಾಹ್ನ ಗಾಳಿ ಛಲೋ ಬರತೈತ್ರಿ."

ಜಿನ್ನಪ್ಪ ಕಾಕಾ ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ಅವರ ಭುಜ ಕುಣಿಯುತ್ತಿತ್ತು. ಆಮೇಲೆ ಬಾಳಾಸಾಬ ಫುಸಕ್ಕನೆ ನಕ್ಕ, ಆಮೇಲೆ ಎಲ್ಲರೂ. ಸಾಹೇಬರು ಗೋಡೆಯ ಮೇಲಿನ ಎರಡು ಹೆಸರುಗಳನ್ನು ಇನ್ನೊಮ್ಮೆ ಓದಿ, ನಗುವನ್ನು ಕೆಮ್ಮಾಗಿ ಮಾಡಿಕೊಂಡು, "ಹೌದಪಾ, ಗಾಳಿ ಬಡದೈತಿ, ಕಾಣತೈತಿ" ಎಂದರು.

ಯಾಕೆ ನಕ್ಕರೋ ನನಗೆ ಅರ್ಥವಾಗಲಿಲ್ಲ. ಬಹುಶಃ ನೀಲಿ ಬಣ್ಣ ಸರಿಹೋಗಿರಲಿಕ್ಕಿಲ್ಲ. ಕಾಂಚನಳನ್ನು ನೋಡಿದೆ. ಅವಳು ಬಾಯಿ ಬಿಗಿಹಿಡಿದು ನೆಲ ನೋಡುತ್ತಿದ್ದಳು.

"ಸರ್, ನಾ ಕಾಟಾಕ್ಕ ಹೋಗ್ಲೇನ್ರಿ?" ಎಂದಳು. "ಗಾಡಿ ನಿಂತಾವು."

"ಹೋಗವ್ವಾ. ಮೆಮೊ ಹರದ ಹಾಕ್ತೀನಿ. ಸೋಮವಾರ ಬಂದು ಆರ್ಡರ್ ತಗೊಂಡ ಹೋಗು" ಎಂದರು ಸಾಹೇಬರು. ಅವಳು ಹೋದ ಮೇಲೆ ನನ್ನ ಕಡೆ ತಿರುಗಿ, ಕಾಟಾ ಇದ್ದ ದಿಕ್ಕಿಗೆ ಲ್ಯಾಪ್‌ಟಾಪ್ ಹಿಡಿದು ಕಾಲಿಟ್ಟರೆ ಕಾಲು ಮುರಿಯುತ್ತೇನೆ ಎಂದರು. ಕಾಂಟ್ರ್ಯಾಕ್ಟಿನ ಮಾತು ಹಂಗಾಮು ಮುಗಿದ ಮೇಲಂತೆ.

ಸಂಜೆ ಗೇಟಿನಲ್ಲಿ ಜ್ಞಾನದೇವ ಕಾಕಾ ಸಿಕ್ಕ. ಟ್ರಂಕಿನ ಸಾಮಾನು ಹೊರಗೆ ತೆಗೆದನಂತೆ. ನನ್ನ ಕೈ ಹಿಡಿದುಕೊಂಡು ಮುಖ ನೋಡಿದ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ. ನನಗೆ ಯಾಕೋ ಅಳು ಬಂತು.

ಫೆಬ್ರವರಿ 5, ಶುಕ್ರವಾರ

ಕಾಂಚನಳ ಖಾಯಂ ಆದೇಶ ಸೋಮವಾರವೇ ಬಂತು. ಸಾಲು ಕರಗಿದೆ, ಮಂಗಸೂಳಿ ರಸ್ತೆ ಖಾಲಿ. ಕಾಟಾದಲ್ಲಿ ಟ್ರೇಸ್ ಇಲ್ಲ, ತೊಂದರೆ ಇಲ್ಲ, ನನಗೆ ಅಲ್ಲಿ ಕೆಲಸವಿಲ್ಲ. ಐದು ದಿನದಿಂದ ಹೋಗಿಲ್ಲ. ನನ್ನ ಆಫೀಸಿನಲ್ಲಿ ಗಾಳಿಯೇ ಬರುವುದಿಲ್ಲ ಎನ್ನುವುದು ಈಗ ಗಮನಕ್ಕೆ ಬಂತು. ಫ್ಯಾನು ರಿಪೇರಿ ಮಾಡಿಸಿದೆ, ಆದರೂ ಅಷ್ಟೇ.

ಫ್ರೇಮ್‌ವರ್ಕ್ ತೆರೆದು ಹಳೆಯ ಚಿತ್ರಗಳನ್ನು ನೋಡುತ್ತ ಕೂತಿದ್ದೆ. ಜನವರಿಯ ಆ ಎರಡು ಸಾಲು. ಮೇಲೊಂದು ಹೆಸರು, ಕೆಳಗೊಂದು ಹೆಸರು. ಬಹಳ ಹೊತ್ತು ನೋಡಿದೆ. ಆಮೇಲೆ ಮುಖಕ್ಕೆ ರಕ್ತ ನುಗ್ಗಿದಂತಾಗಿ ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ.

ಅಷ್ಟರಲ್ಲಿ ಮೇಜಿನ ಮೇಲಿನ ಫೋನು ರಿಂಗಾಯಿತು. ಕಾಟಾದಿಂದ.

"ಕಂಪ್ಯೂಟರಿಗೆ ಏನಾತ್ರಿ?" ಎಂದೆ, ಎದ್ದು ನಿಂತು.

"ಏನೂ ಆಗಿಲ್ರಿ. ನೆಟ್ಟಗೈತಿ" ಎಂದಳು. ಆ ಕಡೆ ಟ್ರ್ಯಾಕ್ಟರಿನ ಸದ್ದು. ತುಕಾರಾಮ ಏನೋ ಕೂಗಿ ನಕ್ಕದ್ದು ಕೇಳಿಸಿತು. ಅವಳು ರಿಸೀವರಿಗೆ ಕೈ ಅಡ್ಡ ಹಿಡಿದು ಅವನಿಗೆ ಗದರಿದಳು. ಆಮೇಲೆ ಮೆಲ್ಲಗೆ, "ಚಹಾ ಮಾಡೀನಿ. ಏನೂ ಕೆಟ್ಟಿಲ್ಲ, ಹಂಗ ಬರ್ರಿ" ಎಂದಳು.

ಲ್ಯಾಪ್‌ಟಾಪನ್ನು ಮೇಜಿನ ಮೇಲೇ ಬಿಟ್ಟು ಹೋದೆ.